ನಿಲ್ಲು ಎಂದಿದೆ, ಎಷ್ಟು ಹೊತ್ತು ಎಂದಿಲ್ಲ

ನನ್ನ ಮನೆಯಲ್ಲಿ ಪಿಯಾನೊ ಇಲ್ಲ. ಸುಮಾರು 230 ತಂತಿಗಳಿರುವ, ಅರ್ಧ ಟನ್ನಿನಷ್ಟು ತೂಗುವ ಗ್ರ್ಯಾಂಡ್ ಪಿಯಾನೊವನ್ನು ಬೆಂಗಳೂರಿನ ಬಾಡಿಗೆ ಮನೆಯ ಮೂರನೇ ಮಹಡಿಗೆ ಹತ್ತಿಸುವುದು ಆಗದ ಮಾತು. ಇರುವುದು 88 ಕೀಗಳ ಒಂದು ಕೀಬೋರ್ಡು, ಒಂದು ಲ್ಯಾಪ್‌ಟಾಪು, ಹೆಡ್‌ಫೋನು. ರಾತ್ರಿ ಹನ್ನೊಂದಕ್ಕೆ ನಾನು ಶೂಮನ್ ನುಡಿಸುತ್ತಿದ್ದರೆ ಪಕ್ಕದ ಮನೆಯವರಿಗೆ ಕೇಳಿಸುವುದು ಪ್ಲಾಸ್ಟಿಕ್ ಕೀಗಳ ಟಕಟಕ ಅಷ್ಟೇ.

ಕೀ ಒತ್ತಿದಾಗ ಕೇಬಲ್ಲಿನಲ್ಲಿ ಸದ್ದು ಹೋಗುವುದಿಲ್ಲ. ಯಾವ ಕೀ, ಯಾವ ಕ್ಷಣದಲ್ಲಿ, ಎಷ್ಟು ವೇಗವಾಗಿ ಇಳಿಯಿತು ಎಂಬ ಲೆಕ್ಕ ಹೋಗುತ್ತದೆ. ವೇಗಕ್ಕೆ 1ರಿಂದ 127ರವರೆಗೆ ಅಂಕ. 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ವ್ಯವಸ್ಥೆ ಇದು. ಆ ಅಂಕಗಳಿಗೆ ದನಿ ಕೊಡುವುದು ಸಾಫ್ಟ್‌ವೇರು. ಕೆಲವು ತಂತ್ರಾಂಶಗಳು ನಿಜವಾದ ಪಿಯಾನೊದ ಒಂದೊಂದು ಕೀಯನ್ನೂ ಮೆತ್ತಗೆ, ಜೋರಾಗಿ, ಹತ್ತಾರು ಬಗೆಯಲ್ಲಿ ಒತ್ತಿ ಮುದ್ರಿಸಿಟ್ಟುಕೊಂಡಿರುತ್ತವೆ. ಪಿಯಾನೊಟೆಕ್‌ನಂಥವು ತಂತಿ, ಸುತ್ತಿಗೆ, ಮರದ ಹಲಗೆ ಹೇಗೆ ಕಂಪಿಸುತ್ತವೆ ಎಂಬುದನ್ನು ಗಣಿತದಿಂದ ಆಗಿಂದಾಗಲೇ ಕಟ್ಟುತ್ತವೆ.

ಹಾಗಾಗಿ ನುಡಿಸಿ ಮುಗಿಸಿದ ಮೇಲೂ ಪಿಯಾನೊ ಬದಲಾಯಿಸಬಹುದು. ಹೆಚ್ಚು ಒತ್ತಿದ ಸ್ವರದ 90ನ್ನು 60 ಮಾಡಬಹುದು. 'ಕ್ವಾಂಟೈಸ್' ಒತ್ತಿದರೆ ಎಲ್ಲ ಸ್ವರಗಳೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತುಬಿಡುತ್ತವೆ. ತಿದ್ದಲಾಗದ್ದು ಏನೂ ಉಳಿಯದಿದ್ದಾಗ, ಎಲ್ಲಿ ತಿದ್ದಬಾರದು ಎಂದು ಹೇಳುವವರು ಯಾರು?

ಹಿಂದೆ ಈ ಪ್ರಶ್ನೆಯನ್ನು ಯಂತ್ರವೇ ತೀರ್ಮಾನಿಸುತ್ತಿತ್ತು. ಸ್ವತಃ ಪಿಯಾನೊ ಕಲಿತಿದ್ದ ಮೈಸೂರಿನ ಜಯಚಾಮರಾಜ ಒಡೆಯರ್, 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ವಯಸ್ಸಾಗಿದ್ದ, ಆರೋಗ್ಯ ಕೆಟ್ಟಿದ್ದ ಮೆಟ್ನರ್ ತಾನೇ ಕೂತು ನುಡಿಸಿದ. ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 78 ವೇಗದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕು ನಿಮಿಷದ ಆಸುಪಾಸು. ನೇರವಾಗಿ ತಟ್ಟೆಗೆ ಕೊರೆಯುವ ಆ ಪದ್ಧತಿಯಲ್ಲಿ ಎಡವಿದರೆ ಇಡೀ ಬದಿಯನ್ನು ಮತ್ತೆ ನುಡಿಸಬೇಕಿತ್ತು. ಆಮೇಲೆ ಟೇಪು ಬಂತು, ಕತ್ತರಿಸಿ ಅಂಟಿಸಲು ಸಾಧ್ಯವಾಯಿತು. ಕೆನಡಾದ ಗ್ಲೆನ್ ಗೌಲ್ಡ್ 1964ರಲ್ಲಿ, 31ನೇ ವಯಸ್ಸಿಗೇ, ಕಛೇರಿಗಳನ್ನು ಬಿಟ್ಟು ಸ್ಟುಡಿಯೊ ಸೇರಿದ. ಹಲವು ಸಲ ನುಡಿಸಿದ್ದರಲ್ಲಿ ಒಳ್ಳೆಯ ತುಣುಕುಗಳನ್ನು ಜೋಡಿಸುವುದು ಮೋಸವಲ್ಲ, ಅದೂ ಕಲೆಯೇ ಎಂದು ವಾದಿಸಿದ. ಅವನ ವಾದ ನನಗೆ ಒಪ್ಪಿಗೆ. ಆದರೆ ಅವನು ಜೋಡಿಸಿದ ಒಂದೊಂದು ತುಣುಕನ್ನೂ ಯಾವುದೋ ಒಂದು ಗಳಿಗೆಯಲ್ಲಿ ಅವನ ಕೈ ನುಡಿಸಿತ್ತು.

ನಾನು ಮುದ್ರಿಸುತ್ತಿದ್ದದ್ದು ಶೂಮನ್ 1838ರಲ್ಲಿ ಬರೆದ 'ಟ್ರಾಯ್ಮರೈ'. ಕನಸು ಕಾಣುತ್ತ ಕೂರುವುದು ಎಂದರ್ಥ. ಅದನ್ನು ನನಗೆ ಕಲಿಸಿದ ಮಿಸ್‌ಗೆ ಈಗ ಎಂಬತ್ತು ದಾಟಿದೆ. ಬೆರಳ ಗಂಟುಗಳು ಬಿಗಿದು ಪಿಯಾನೊ ಮುಚ್ಚಿ ಎಷ್ಟೋ ಕಾಲವಾಯಿತು. "ಒಂದು ಸಲ ಕೇಳಬೇಕು ಅನ್ನಿಸಿದೆ, ಕಳಿಸು" ಅಂದಿದ್ದರು.

ಕೃತಿ ಮುಗಿಯುವ ಸ್ವಲ್ಪ ಮುಂಚೆ ಸ್ವರ ಮೇಲಕ್ಕೆ ಹತ್ತಿ ಒಂದು ಕಡೆ ನಿಲ್ಲುತ್ತದೆ. ಶೂಮನ್ ಅಲ್ಲಿ ಫರ್ಮಾಟ ಗುರುತು ಹಾಕಿದ್ದಾನೆ. ನಿಲ್ಲು ಎಂದಿದೆ, ಎಷ್ಟು ಹೊತ್ತು ಎಂದಿಲ್ಲ. ಪರದೆಯ ಮೇಲೆ ಮಾತ್ರ ಅದಕ್ಕೂ ಅಳತೆಯಿತ್ತು. ನಾನು ನುಡಿಸಿದ ಐದು ಟೇಕುಗಳಲ್ಲಿ ಐದು ಬೇರೆ ಬೇರೆ ಉದ್ದ. ಒಂದರಲ್ಲಿ ಆ ಸ್ವರ ಬಹಳ ಹೊತ್ತು ನಿಂತಿತ್ತು, ಹತ್ತುವ ಮೊದಲೇ ಕೈ ತುಸು ತಡೆದಿತ್ತು. ಗೆರೆಗಳ ಲೆಕ್ಕದಲ್ಲಿ ಅದು ಎಲ್ಲಿಯೂ ಕೂರುತ್ತಿರಲಿಲ್ಲ. ಮೌಸ್‌ನಿಂದ ಚೂರು ಎಳೆದರೆ ಸಾಕಿತ್ತು. ಎಳೆಯಲಿಲ್ಲ. ಅದನ್ನೇ ಕಳಿಸಿದೆ.

ಮಿಸ್ ಮರುದಿನ ಫೋನ್ ಮಾಡಿದರು. "ಆ ಜಾಗದಲ್ಲಿ ಈಗಲೂ ಉಸಿರು ಹಿಡೀತೀಯಲ್ಲ" ಅಂದರು. ಆಮೇಲೆ, "ಯಾವ ಪಿಯಾನೊ ಅದು?" ಪಿಯಾನೊವೇ ಅಲ್ಲ, ಕಂಪ್ಯೂಟರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾದಿದ್ದು ನೀನೇ ತಾನೇ?" ಅಂದರು.

ಆ ಫೈಲನ್ನು ಹಾಗೆಯೇ ಇಟ್ಟಿದ್ದೇನೆ. ಮುಂದೆ ಇನ್ನೂ ಒಳ್ಳೆಯ ಸಾಫ್ಟ್‌ವೇರು ಬಂದರೆ ಅದರ ಸದ್ದು ಬದಲಾಯಿಸಿಕೊಂಡೇನು. ಆ ಒಂದು ನಿಲುಗಡೆಯನ್ನು ಮಾತ್ರ ಮುಟ್ಟುವುದಿಲ್ಲ.