ಅಲೆ ನುಂಗುವ ಗೋಡೆ

ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಗುಮಾಸ್ತರಾದವರು ನಮ್ಮ ಸಂಘದಲ್ಲಿ ಎಷ್ಟು ಜನರಿದ್ದೇವೆಂದು ಎಣಿಸಹೊರಟರೆ ಅದೇ ಒಂದು ಪ್ರತ್ಯೇಕ ಸಂಘವಾದೀತು. ಫಿಸಿಕ್ಸು, ಕೆಮಿಸ್ಟ್ರಿ ಓದಿ, ನೇಮಕಾತಿಯ ಪತ್ರ ಹಿಡಿದು ರೈಲು ಹತ್ತಿದವರು ನಾವು. ಆಮೇಲೆ ಆ ವಿದ್ಯೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಫ್ಯೂಸು ಹೋದಾಗ ಮಾತ್ರ 'ನೀವು ಬಿ.ಎಸ್ಸಿ. ಅಲ್ಲವೇ?' ಎಂಬ ಪ್ರಶ್ನೆ ಅಡಿಗೆಮನೆಯಿಂದ ಬರುತ್ತದೆ. ನಾಸಿಕಕ್ಕೆ ವರ್ಗವಾಗಿ ಬಂದ ಮೇಲೆ ನನ್ನ ಪಾಲಿಗೆ ಉಳಿದ ವಿಜ್ಞಾನವೂ ಅಷ್ಟೇ ಆಗಿತ್ತು.

ಹೀಗಿರುವಾಗ ಅಕ್ಕನ ಮಗಳ ಫೋನು ಬಂತು. ಸೊಲ್ಲಾಪುರದಲ್ಲಿ ಬೆಳೆದ ಹುಡುಗಿ. ಮನೆಮಾತು ಕನ್ನಡ, ಕಲಿತ ಲಿಪಿ ದೇವನಾಗರಿ. ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ನಾವು ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ, ಹಾಸ್ಟೆಲಿನಲ್ಲಿದ್ದು ಎಂ.ಟೆಕ್. ಓದುತ್ತಿದ್ದಳು.

"ಮಾಮಾ, ನೀವು ಫಿಸಿಕ್ಸ್ ಓದೀರಲ್ಲ? ನನ್ನ ಗ್ರಾಫ್ ನಡುಗ್ಲಿಕ್ಹತ್ತದ. ಹತ್ತು ದಿನದಾಗ ರಿವ್ಯೂ ಅದ. ಏನ್ ಮಾಡ್ಲಿ?"

ಅವಳ ಪ್ರಾಜೆಕ್ಟು ವೇವ್‌ಗೈಡಿನದು. ವೇವ್‌ಗೈಡೆಂದರೆ ಮೈಕ್ರೋವೇವ್ ಅಲೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಟೊಳ್ಳು ಲೋಹದ ಕೊಳವೆ. ರೇಡಾರುಗಳಲ್ಲಿ ಇರುತ್ತದೆ. ಕಾಲೇಜುಗಳಲ್ಲಿ ಹೆಚ್ಚಾಗಿ ಬಳಸುವ ಗಾತ್ರಕ್ಕೆ ಡಬ್ಲ್ಯು ಆರ್-90 ಎಂದು ಹೆಸರು. ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ 10.16 ಮಿಲಿಮೀಟರ್. ಇದಕ್ಕೊಂದು ಹಟವಿದೆ. 6.56 ಗಿಗಾಹರ್ಟ್ಸ್‌ಗಿಂತ ಕಡಿಮೆ ಆವರ್ತದ ಅಲೆಯನ್ನು ಇದು ಮುಂದಕ್ಕೆ ಬಿಡುವುದೇ ಇಲ್ಲ. ಟೊಳ್ಳು ಕೊಳವೆಗೆ ಇಂಥದೊಂದು ಕನಿಷ್ಠ ಮಿತಿ ಇರಲೇಬೇಕೆಂದು ರೇಲಿ ಪ್ರಭುಗಳು 1897ರಲ್ಲೇ ಗಣಿತದಿಂದ ತೋರಿಸಿದ್ದರು.

ಕೊಳವೆಯೊಳಗೆ ಸೀಳುಗಳಿರುವ ಮೂರು ಲೋಹದ ತಡೆಗಳನ್ನಿಟ್ಟು 10 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆಯನ್ನಷ್ಟೇ ದಾಟಿಸುವ ಫಿಲ್ಟರನ್ನು ಅವಳು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ದುಬಾರಿ ಸಾಫ್ಟ್‌ವೇರ್ ಕೈಗೆಟುಕದ್ದರಿಂದ ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ಕೇನ್ ಯೀ ಎಂಬವರು 1966ರಲ್ಲಿ ಹೇಳಿಕೊಟ್ಟ ಕ್ರಮ ಅದು. ಜಾಗವನ್ನೆಲ್ಲ ಪಗಡೆಯ ಹಾಸಿನಂತೆ ಸಣ್ಣ ಮನೆಗಳಾಗಿ ಒಡೆದು, ಒಂದು ಕ್ಷಣ ವಿದ್ಯುತ್ ಕ್ಷೇತ್ರ, ಮರುಕ್ಷಣ ಕಾಂತಕ್ಷೇತ್ರ ಎಂದು ಲೆಕ್ಕ ಹಾಕುತ್ತ ಹೋಗುವುದು. ತೊಡಕೆಂದರೆ ಪಗಡೆಯ ಹಾಸು ಎಲ್ಲಾದರೂ ಮುಗಿಯಲೇಬೇಕು. ನಿಜವಾದ ಕೊಳವೆ ಮುಂದೆ ಎಷ್ಟು ದೂರ ಬೇಕಾದರೂ ಹೋಗಬಹುದು, ಕಂಪ್ಯೂಟರಿನ ನೆನಪು ಹೋಗದು. ಮುಗಿದ ಕಡೆ ಸುಮ್ಮನೆ ಬಿಟ್ಟರೆ ಅಲೆ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ. ಆದ್ದರಿಂದ ಅಲ್ಲೊಂದು ಅಲೆ ನುಂಗುವ ಗೋಡೆ ಬೇಕು. ಬಂದ ಅಲೆಗೆ ಇನ್ನೂ ದಾರಿಯಿದೆ ಎನ್ನಿಸುವಂಥದು.

ನಾಸಿಕದವರಿಗೆ ಇದನ್ನು ತಿಳಿಯಲು ಗಣಿತ ಬೇಡ. ಮಳೆಗಾಲದಲ್ಲಿ ಗೋದಾವರಿಯ ದಂಡೆಗೆ ಹೋಗಿ ನಿಂತರೆ ಸಾಕು. ನೀರು ನೆಟ್ಟಗಿನ ಕಟ್ಟೆಗೆ ಬಡಿದಲ್ಲಿ ಅಲೆ ತಿರುಗಿ ಬಂದು ಮುಂದಿನ ಅಲೆಯೊಡನೆ ಗುದ್ದಾಡುತ್ತದೆ. ಘಾಟಿನ ಮೆಟ್ಟಿಲುಗಳ ಮೇಲೆ ಏರಿದ್ದು ಅಲ್ಲೇ ಸೋತು ಇಳಿಯುತ್ತದೆ.

ಅವಳ ಗ್ರಾಫಿನಲ್ಲಿ ನಡೆದದ್ದೂ ಗುದ್ದಾಟವೇ. ಒಂದೇ ಒಂದು ತಗ್ಗು ನಯವಾಗಿ ಕಾಣಬೇಕಾದಲ್ಲಿ ಗರಗಸದ ಹಲ್ಲಿನಂತೆ ಏರಿಳಿತ. ಹಾಸ್ಟೆಲಿನ ಗೆಳತಿಯರು ಸುಲಭದ ಮದ್ದು ಹೇಳಿದ್ದರು: ಸ್ಮೂದಿಂಗ್ ಎಂಬ ಆಜ್ಞೆ ಕೊಟ್ಟರೆ ಹಲ್ಲುಗಳೆಲ್ಲ ಸವೆದು ಗೆರೆ ಇಸ್ತ್ರಿ ಹಾಕಿದ ಹಾಗೆ ಆಗುತ್ತದೆ, ರಿವ್ಯೂ ದಾಟುತ್ತದೆ. ಅವಳಿಗೆ ಮನಸ್ಸಿರಲಿಲ್ಲ, ಆದರೆ ದಿನಗಳೂ ಇರಲಿಲ್ಲ. ಈ ಸೆಮಿಸ್ಟರು ತಪ್ಪಿದರೆ ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದ ಕೆಲಸವೂ ತಪ್ಪುತ್ತಿತ್ತು. ಅಕ್ಕ ಫೋನಿನಲ್ಲಿ ಅತ್ತಳು. ಭಾವ, "ಮಂದಿ ಮಾಡಿಧಾಂಗ ಮಾಡಿ ಮುಗಿಸು ಅಂತ ಹೇಳು" ಎಂದರು.

ಶನಿವಾರ ಬೆಳಿಗ್ಗೆ ನಾಸಿಕ್ ರೋಡಿನಲ್ಲಿ ತಪೋವನ್ ಎಕ್ಸ್‌ಪ್ರೆಸ್ ಹತ್ತಿ ಮಧ್ಯಾಹ್ನದ ಹೊತ್ತಿಗೆ ಸಂಭಾಜಿನಗರ ಸೇರಿದೆ. ಪ್ರೋಗ್ರಾಮು ನನಗೆ ಅರ್ಥವಾಗದು. ಆದರೆ ಕಚೇರಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ಮಾಡುವ ಮೊದಲ ಕೆಲಸವೇನು? ತಪ್ಪು ಯಾವ ಪುಟದ್ದೆಂದು ಬೇರ್ಪಡಿಸುವುದು. "ಫಿಲ್ಟರ್ ತಗದುಬಿಡವಾ. ಬರೇ ಖಾಲಿ ಕೊಳವಿ ಓಡಿಸಿ ನೋಡು" ಎಂದೆ. ಖಾಲಿ ಕೊಳವೆಯಲ್ಲಿ ಹಿಂದಿರುಗಿಸಲು ಏನೂ ಇಲ್ಲ. ತಿರುಗಿ ಬಂದದ್ದೆಲ್ಲ ಗೋಡೆಯ ಲೆಕ್ಕಕ್ಕೇ ಸೇರಬೇಕು. 10 ಗಿಗಾಹರ್ಟ್ಸ್‌ನಲ್ಲಿ ಅಲೆಯ ಎತ್ತರದ ಸುಮಾರು 14 ಪಾಲು ವಾಪಸು ಬಂತು, ನೂರಕ್ಕೆ. 7ರಲ್ಲಿ ಹೆಚ್ಚುಕಡಿಮೆ ಅರ್ಧ!

ಎರಡನೆಯ ಸಾಕ್ಷಿಯನ್ನು ಅವಳೇ ಹುಡುಕಿದಳು. ಫಿಲ್ಟರನ್ನು ಮತ್ತೆ ಕೂರಿಸಿ, ಅಲ್ಲಿಂದ ಗೋಡೆಯವರೆಗಿನ ದೂರವನ್ನು 300 ಮಿಲಿಮೀಟರಿನಿಂದ 600ಕ್ಕೆ ಏರಿಸಿದಳು. ಏರಿಳಿತ ಫಿಲ್ಟರಿನದೇ ಆಗಿದ್ದರೆ ಕದಲಬಾರದು. ಗೋಡೆಯದಾದರೆ ಹಲ್ಲುಗಳ ನಡುವಿನ ಅಂತರ ಅರ್ಧವಾಗಬೇಕು, ಸುಮಾರು 377 ಮೆಗಾಹರ್ಟ್ಸ್‌ನಿಂದ 189ಕ್ಕೆ. ಹಾಗೆಯೇ ಆಯಿತು.

ಗೋಡೆ ಇದ್ದೂ ಯಾಕೆ ನುಂಗಲಿಲ್ಲ? ಇಲ್ಲಿ ನನ್ನ ಬಿ.ಎಸ್ಸಿ. ಸ್ವಲ್ಪ ಮೈಮುರಿದು ಎದ್ದಿತು. ವೇವ್‌ಗೈಡಿನಲ್ಲಿ ಅಲೆ ನೆಟ್ಟಗೆ ನಡೆಯುವುದಿಲ್ಲ. ಎರಡು ಅಲೆಗಳು ಪಕ್ಕದ ಗೋಡೆಗಳಿಗೆ ಓರೆಯಾಗಿ ಬಡಿಯುತ್ತ, ಅಂಕುಡೊಂಕಾಗಿ ಮುಂದೆ ಸಾಗುತ್ತವೆ. ಆವರ್ತ ಕೆಳಗಿಳಿದಷ್ಟೂ ಓರೆ ಹೆಚ್ಚು, 6.56 ಹತ್ತಿರವಾದಂತೆ ಅಡ್ಡಡ್ಡ ಕುಣಿಯುವುದೇ ಜಾಸ್ತಿ, ಮುಂದೆ ಹೋಗುವುದು ಕಡಿಮೆ. ಅವಳು ಹಾಕಿದ್ದು ಹಳೆಯ ಸರಳ ಗೋಡೆ, 1981ರಲ್ಲಿ ಮುರ್ ಎಂಬವರು ಕಂಪ್ಯೂಟರಿಗೆ ಒಗ್ಗಿಸಿದ ಜಾತಿಯದು. ಅದರ ಮೊದಲ ಮಟ್ಟದ ಸೂತ್ರ, ಬೆಳಕಿನ ವೇಗದಲ್ಲಿ ನೇರವಾಗಿ ಎದುರು ಬಂದ ಅಲೆಯನ್ನು ಮಾತ್ರ ಪೂರ್ತಿ ನುಂಗುತ್ತದೆ. ಓರೆಯಾಗಿ ಬಂದದ್ದಕ್ಕೆ ಅದು ಅರೆಬರೆ ಬಾಗಿಲು. ಲೆಕ್ಕ ಹಾಕಿದರೆ 10 ಗಿಗಾಹರ್ಟ್ಸ್‌ಗೆ ನೂರಕ್ಕೆ 14, 7ಕ್ಕೆ 48 ಎಂದೇ ಬರುತ್ತದೆ. ಕಾಗದದ ಮೇಲಿನ ಅಂಕಿಯೂ ಪರದೆಯ ಮೇಲಿನ ಅಂಕಿಯೂ ಕೂಡಿದಾಗ ಹುಡುಗಿ ಕುರ್ಚಿಯಿಂದ ಎದ್ದೇ ಬಿಟ್ಟಳು. ಟ್ರಯಲ್ ಬ್ಯಾಲೆನ್ಸ್ ಕೂಡಿದಾಗಿನ ಸುಖ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಮದ್ದು 1994ರಿಂದಲೂ ಇದೆ. ಫ್ರಾನ್ಸಿನ ಬೆರೆಂಜೆ ಎಂಬವರು ಗೋಡೆಯ ಬದಲು ಒಂದು ದಪ್ಪ ಪದರವನ್ನೇ ಕಲ್ಪಿಸಿದರು. ಸೂತ್ರದ ಪ್ರಕಾರ ಅಲೆ ಯಾವ ಕೋನದಲ್ಲಿ ಬಂದರೂ ಹೊಸಿಲಲ್ಲಿ ತಡೆಯಿಲ್ಲದೆ ಒಳಗೆ ಹೋಗುತ್ತದೆ, ಹೋದ ಮೇಲೆ ಸವೆಯುತ್ತದೆ. ರಾತ್ರಿಯೆಲ್ಲ ಕೂತು ಅದನ್ನು ಬರೆದಳು. ಫಲಿತಾಂಶ ಮೊದಲಿಗಿಂತ ಕೆಟ್ಟಿತು! ಮೊದಲ ಮನೆಯಿಂದಲೇ ಪೂರ್ತಿ ಬಲದ ಹೀರಿಕೆ ಇಟ್ಟಿದ್ದಳು; ಸೂತ್ರಕ್ಕೆ ಅದು ಸರಿ, ಮನೆಮನೆಯಾಗಿ ಒಡೆದ ಲೆಕ್ಕಕ್ಕೆ ಅದೂ ಒಂದು ಕಟ್ಟೆಯೇ. ಅವರ ಪ್ರಯೋಗಶಾಲೆಯ ಕ್ಲೈಸ್ಟ್ರಾನ್ ಬೆಂಚಿನ ಕೊನೆಯಲ್ಲಿ ಕೊಳವೆಯ ಬಾಯಿಗೆ ಹಾಕುವ ಮ್ಯಾಚ್ಡ್ ಲೋಡ್ ಇತ್ತು. ಬಿಚ್ಚಿ ನೋಡಿದರೆ ಒಳಗೆ ಹೀರುವ ವಸ್ತುವಿನದೊಂದು ಬೆಣೆ, ಅಲೆ ಬರುವ ಕಡೆಗೆ ಚೂಪು. ಘಾಟಿನ ಮೆಟ್ಟಿಲೇ ಸರಿ. ಪದರದಲ್ಲೂ ಹೀರಿಕೆಯನ್ನು ಸೊನ್ನೆಯಿಂದ ಆರಂಭಿಸಿ, ಹತ್ತು ಮನೆಗಳುದ್ದಕ್ಕೆ ಘನದ ಲೆಕ್ಕದಲ್ಲಿ ಏರಿಸಿದಳು. ನೆನಪು ಉಳಿಸಲು ಫಿಲ್ಟರಿಗೆ ಅಂಟಿಸಿದಂತೆ ಇಟ್ಟಿದ್ದ ಪದರವನ್ನು ದೂರವೂ ಸರಿಸಿದಳು, ಏಕೆಂದರೆ ಸೀಳುಗಳ ಸುತ್ತ ಮುಂದೆ ಸಾಗದೆ ಅಲ್ಲೇ ಸುಳಿದಾಡುವ ಕ್ಷೇತ್ರಗಳನ್ನು ಬೆರೆಂಜೆಯ ಪದರ ಚೆನ್ನಾಗಿ ನಿಭಾಯಿಸದು. ಅದಕ್ಕೆ ಕುಜುವೊಗ್ಲು ಮತ್ತು ನಮ್ಮ ದೇಶದ ಮೂಲದ ರಾಜ್ ಮಿತ್ರಾ 1996ರಲ್ಲಿ ತಿದ್ದುಪಡಿ ಕೊಟ್ಟಿದ್ದಾರೆ, ಆದರೆ ಅಷ್ಟಕ್ಕೆ ಪುರುಸೊತ್ತಿರಲಿಲ್ಲ.

ಮಧ್ಯೆ ಚಹಾಕ್ಕೆಂದು ಎದ್ದಾಗ ಮೇಜಿನ ಮೇಲೆ ಲೈಬ್ರರಿಯ ಹಳೆಯ ಪುಸ್ತಕವೊಂದು ಕಂಡಿತು, 'ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್', ಆರ್. ಚಟರ್ಜಿ ಅವರದು. "ಇವರು ಯಾರು ಗೊತ್ತೇನು?" ಎಂದೆ. "ಬಂಗಾಲಿ ಸರ್ ಇರಬೇಕು" ಎಂದಳು. ಅಲ್ಲ ತಾಯಿ, ನಂಜನಗೂಡಿನ ಹೆಣ್ಣುಮಗಳು! ರಾಜೇಶ್ವರಿ ಚಟರ್ಜಿ, ಹುಟ್ಟಿದ್ದು 1922ರಲ್ಲಿ. ಅಮೆರಿಕದ ಮಿಶಿಗನ್ನಿನಲ್ಲಿ ಓದಿ ಬಂದು 1953ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕಿಯಾದವರು, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಅಲ್ಲಿ ಕಟ್ಟಿ ನಿಲ್ಲಿಸಿದವರು, 2010ರಲ್ಲಿ ತೀರಿಕೊಂಡರು. ಹುಡುಗಿ ಪುಸ್ತಕದ ಮೊದಲ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದಳು. ನಾನು ಅದೇ ಉಮೇದಿನಲ್ಲಿ ಜಗದೀಶಚಂದ್ರ ಬೋಸರ ವಿಷಯವನ್ನೂ ಹೇಳಿದೆ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಿಲಿಮೀಟರ್ ಅಲೆಗಳ ಪ್ರಯೋಗ ಮಾಡುವಾಗ ಬೇಡದ ಅಲೆಗಳನ್ನು ಹೀರಲು ಅವರು ವಿದ್ಯುದ್ವಾಹಕ ದ್ರಾವಣದಲ್ಲಿ ತೋಯಿಸಿದ ದಪ್ಪ ಬ್ಲಾಟಿಂಗ್ ಪೇಪರನ್ನು ಬಳಸಿದ್ದರು. ಗುಮಾಸ್ತನಿಗೆ ಬ್ಲಾಟಿಂಗ್ ಪೇಪರಿನ ಮೇಲೆ ಸಹಜವಾಗಿ ಅಭಿಮಾನವಿರುತ್ತದೆ.

ಭಾನುವಾರ ಸಂಜೆಗೆ ಹಲ್ಲುಗಳು ಹೋದವು. ಒಂದು ಗುಳಿ ಮಾತ್ರ ಹಾಗೆಯೇ ಉಳಿಯಿತು. ಪದರವನ್ನು ಎಲ್ಲಿಗೆ ಸರಿಸಿದರೂ ಕದಲಲಿಲ್ಲ. ಹಾಗಾದರೆ ಅದು ಫಿಲ್ಟರಿನದೇ. ಹುಡುಕಿದಾಗ ಒಂದು ಸೀಳಿನ ಅಗಲ ಮನೆಗಳ ಲೆಕ್ಕಕ್ಕೆ ಸರಿಯಾಗಿ ಕೂರದೆ, ಪ್ರೋಗ್ರಾಮು ಅದನ್ನು ಒಂದು ಮನೆಯಷ್ಟು ಕಿರಿದು ಮಾಡಿಬಿಟ್ಟಿತ್ತು. ಸ್ಮೂದಿಂಗ್ ಮಾಡಿದ್ದರೆ ಹಲ್ಲುಗಳ ಜೊತೆ ಈ ಗುಳಿಯೂ ಸವೆದು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೊಂದು ಕಡೆ ಪದರವೂ ಸೋಲುತ್ತದೆ. ನೇರ ಬಂದ ಅಲೆಯ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ ಹಿಂದಿರುಗಲಿ ಎಂದು ಕಟ್ಟಿದ ಪದರವೂ ಓರೆ ಹೆಚ್ಚಿದಂತೆ ಬಲಗುಂದುತ್ತದೆ: 7 ಗಿಗಾಹರ್ಟ್ಸ್‌ನಲ್ಲಿ ಸಾವಿರಕ್ಕೆ 8 ಪಾಲು ಬರುತ್ತದೆ, 6.6ರಲ್ಲಿ ಐದರಲ್ಲೊಂದು ಪಾಲೇ ಬರುತ್ತದೆ. ಆ ಭಾಗದ ಗೆರೆಯನ್ನು ಕತ್ತರಿಸಿ ತೋರಿಸದಿದ್ದರೆ ಕೇಳುವವರಿರಲಿಲ್ಲ. ಅವಳು ಕತ್ತರಿಸಲಿಲ್ಲ. ಗೆರೆಯನ್ನು ಇದ್ದಂತೆ ಬಿಟ್ಟು, 7 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಂಕಿಗಳನ್ನು ನಂಬಬಾರದೆಂದು ಕೆಳಗೆ ಬರೆದಳು.

ರಿವ್ಯೂ ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟವನ್ನೇ ತೆರೆದು, "ಇದನ್ನು ಯಾಕೆ ಬರೆದೆ?" ಎಂದು ಕೇಳಿದರಂತೆ. ಇಂಗ್ಲಿಷಿನಲ್ಲಿ ಶುರುಮಾಡಿದವಳು ನಡುವೆ ಮರಾಠಿಗೆ ಹೊರಳಿ, ಖಾಲಿ ಕೊಳವೆಯ ಗ್ರಾಫು, ಉದ್ದ ಕೊಳವೆಯ ಗ್ರಾಫು ಎರಡನ್ನೂ ಮುಂದಿಟ್ಟು ಇಪ್ಪತ್ತು ನಿಮಿಷ ಮಾತಾಡಿದಳಂತೆ. ಸಂಜೆ ಫೋನು ಮಾಡಿದಾಗ ಗಂಟಲು ಬಿದ್ದಿತ್ತು. "ಪಾಸ್ ಆತು ಮಾಮಾ. ಆದ್ರ ಆ 6.6ರ ಲೆಕ್ಕ ಬೋರ್ಡ್ ಮ್ಯಾಲ ಮಾಡಿ ತೋರಿಸು ಅಂದ್ರು. ಮಾಡಿ ತೋರಿಸಿದೆ."