ಆರತಿಯ ನೀರು

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಒಂದು ಮನೆ. ಮದುವೆ ಮುಗಿಸಿಕೊಂಡು ಮೊಮ್ಮಗನು ಮಡದಿಯೊಡನೆ ಮನೆಗೆ ಬರುವ ಹೊತ್ತಾಗಿದ್ದಿತು. ಅಜ್ಜಿಯು ತಟ್ಟೆಯ ನೀರಿನಲ್ಲಿ ಅರಿಶಿನವನ್ನು ಕದಡಿ, ಸುಣ್ಣವನ್ನು ಬಟ್ಟಲಲ್ಲಿ ಬೇರೆಯಾಗಿಯೇ ಇಟ್ಟುಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದರು. ಪತಿವಿಯೋಗವಾದ ಮೂವತ್ತು ವರ್ಷಗಳಿಂದಲೂ ಆ ಮನೆಯ ಆರತಿಯ ನೀರನ್ನು ಕದಡಿದವರು ಅವರು. ಹೊಸ್ತಿಲಲ್ಲಿ ನಿಂತು ಎತ್ತಿದವರು ಇತರರು.

“ಸುಣ್ಣವನ್ನೂ ಈಗಲೇ ಹಾಕಬಾರದೇ ಅಜ್ಜಿ?” ಎಂದಳು, ರಸಾಯನಶಾಸ್ತ್ರ ಓದುವ ಮೊಮ್ಮಗಳು.

“ಬೇಡ ಮಗಾ, ಅವರು ಬಾಗಿಲಿಗೆ ಬರಲಿ. ಮೊದಲೇ ಹಾಕಿದರೆ ಬಣ್ಣ ಕೆಟ್ಟೀತು.”

ಹುಡುಗಿ ಬೆರಗಾದಳು. ತಾನು ಓದಿದ್ದ ಪಾಠವೇ ಅದು. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತುವನ್ನು 1815ರಲ್ಲಿ ಬೇರ್ಪಡಿಸಿದರು. ಅದರ ರಚನೆ ತಿಳಿದುದು 1910ರಲ್ಲಿ. ಇದರ ನಡುವೆ ಆಮ್ಲಜನಕವನ್ನು ಹೊತ್ತ ಎರಡು ಇಂಗಾಲಗಳುಂಟು. ಅವೆರಡರ ಮಧ್ಯೆ ಮತ್ತೊಂದು ಇಂಗಾಲ. ಆ ನಡುವಣ ಇಂಗಾಲದ ಜಲಜನಕವೊಂದು ಪಕ್ಕದ ಆಮ್ಲಜನಕಕ್ಕೆ ದಾಟಿದರೆ ಆ ರೂಪಕ್ಕೆ ಈನಾಲ್ ಎಂದು ಹೆಸರು. ಸಾಮಾನ್ಯವಾಗಿ ಈ ರೂಪವು ಬಾಳುವುದಿಲ್ಲ. ಅಸಿಟೋನಿನ ಹತ್ತು ಕೋಟಿ ಅಣುಗಳಲ್ಲಿ ಈನಾಲ್ ಒಂದು ಸಿಕ್ಕುವುದೂ ದುರ್ಲಭ. ಆದರೆ ಕರ್ಕ್ಯುಮಿನ್ನಿನಲ್ಲಿ ಆ ಜಲಜನಕವನ್ನು ಎರಡು ಆಮ್ಲಜನಕಗಳೂ ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ಆದುದರಿಂದ ಈನಾಲೇ ಅದರ ಮುಖ್ಯ ರೂಪ.

ಸುಣ್ಣದ ಕ್ಷಾರವು ಈ ಜಲಜನಕವನ್ನೂ ಅಣುವಿನ ಎರಡು ತುದಿಗಳಲ್ಲಿರುವ ಜಲಜನಕಗಳನ್ನೂ ಕಿತ್ತುಕೊಳ್ಳಬಲ್ಲುದು. ಆಗ ಉಳಿಯುವ ಋಣವಿದ್ಯುತ್ತು ಒಂದೆಡೆ ನಿಲ್ಲದೆ ಸರಪಣಿಯುದ್ದಕ್ಕೂ ಹರಡುತ್ತದೆ. ಹೊರೆಯು ಹೀಗೆ ಹಂಚಿಹೋಗುವುದರಿಂದಲೇ ಈನಾಲು ಜಲಜನಕವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ. ಅದರ ಆಮ್ಲಗುಣವೆಂದರೆ ಇದೇ. ಹಳದಿಯು ಕೆಂಪಾಗುವುದೂ ಇದರಿಂದಲೇ. ಒಡನೆಯೇ ನಿಂಬೆಯ ರಸ ಹಿಂಡಿದರೆ ಜಲಜನಕವು ಮರಳಿ, ಹಳದಿಯೂ ಮರಳುವುದು. ತಡವಾದರೆ ಮರಳದು, ಕ್ಷಾರದ ನೀರಿನಲ್ಲಿ ಕರ್ಕ್ಯುಮಿನ್ ಬಹುಕಾಲ ನಿಲ್ಲಲಾರದೆ ಒಡೆಯುತ್ತದೆ. ಒಡೆದ ಚೂರುಗಳಲ್ಲಿ ವೆನಿಲಾ ಕಾಯಿಯ ಪರಿಮಳದ ವೆನಿಲಿನ್ನೂ ಒಂದು.

ಬಾಗಿಲಲ್ಲಿ ಗಾಡಿ ನಿಂತಿತು. ಅಜ್ಜಿ ಸುಣ್ಣ ಬೆರೆಸಿದರು. ನೀರು ರಕ್ತವರ್ಣಕ್ಕೆ ತಿರುಗಿತು. ತಾಯಿಯು ತಟ್ಟೆಯ ಒಂದು ಅಂಚನ್ನು ಹಿಡಿದು, ಇನ್ನೊಂದಕ್ಕೆ ಯಾರೆಂದು ಸುತ್ತ ನೋಡಿದರು.

“ಆ ಕಡೆ ಅಜ್ಜಿ ಹಿಡಿಯಲಿ” ಎಂದಳು ಹುಡುಗಿ.

ಹಜಾರವು ಸ್ತಬ್ಧವಾಯಿತು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು, ಮಾತಾಡಲಿಲ್ಲ. ಅಜ್ಜಿ ಒಳಬಾಗಿಲ ಮರೆಗೆ ಸರಿದರು. ಹೊಸ್ತಿಲ ಹೊರಗೆ ಮದುಮಕ್ಕಳು ನಿಂತೇ ಇದ್ದರು.

“ಬನ್ನಿ ಅಜ್ಜಿ, ಬಣ್ಣ ಕೆಟ್ಟೀತು.”

ತಮ್ಮ ಮಾತೇ ತಮಗೆ ಹಿಂದಿರುಗಿದುದನ್ನು ಕೇಳಿ ಅಜ್ಜಿ ಒಂದು ಕ್ಷಣ ಮೊಮ್ಮಗಳನ್ನು ನೋಡಿದರು. ಸೊಸೆಯೂ ತಟ್ಟೆಯನ್ನು ಅವರತ್ತ ಚಾಚಿದರು. ಅವರು ಸೆರಗಿಗೆ ಕೈ ಒರಸಿಕೊಂಡು ಬಂದು ಅಂಚನ್ನು ಹಿಡಿದರು. ಕೈ ನಡುಗಿ ನೀರು ತುಸು ತುಳುಕಿತು. ಮದುಮಕ್ಕಳು ಒಳಗೆ ಬಂದರು.

ಸಂಜೆಯ ವೇಳೆಗೆ ತಟ್ಟೆಯಲ್ಲುಳಿದ ಹನಿಗಳು ಕಂದುಹಳದಿಗೆ ತಿರುಗಿದ್ದವು. ಅಜ್ಜಿ ಅದನ್ನು ತೊಳೆದು ಬೋರಲು ಹಾಕುತ್ತ, “ಮುಂದಿನ ಸಲ ಸುಣ್ಣ ಒಂದು ಚೂರು ಕಡಮೆ ಹಾಕಬೇಕು” ಎಂದುಕೊಂಡರು.