ನಿಧಾನದ ಗುಂಪು

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ಸವಾರರ ಗುಂಪುಗಳು ಹೊರಡುವುದುಂಟು. ದಾರಿ ಸುಮಾರು 60 ಕಿಲೋಮೀಟರ್. ಕೊನೆಗೆ 1,478 ಮೀಟರ್ ಎತ್ತರದ ಬೆಟ್ಟ. ಹೊರಡುವ ಮುನ್ನ ಒಂದು ಪ್ರಶ್ನೆ: ವೇಗದವರ ಗುಂಪೋ, ಹೊಸಬರ ಗುಂಪೋ?

ಹದಿನಾರರ ಹುಡುಗನಿಗೆ ಹೊಸಬರ ಗುಂಪೆಂದರೆ ಅವಮಾನ. ಬಿಡಲು ಬಂದ ಅಪ್ಪನಿಗೂ ಮಗನಿಗೆ ‘ಎ’ ಸೆಕ್ಷನ್ ತಪ್ಪಿದಷ್ಟೇ ಸಂಕಟ.

ಗುಂಪಿನಲ್ಲಿ ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೇ ಬರುವವನಿಗೆ ಶ್ರಮ ಎಷ್ಟೋ ಕಡಿಮೆ. ಅದಕ್ಕೇ ಮುಂದೆ ತುಳಿಯುವ ಕೆಲಸ ಸರದಿಯಂತೆ ಬದಲಾಗುತ್ತದೆ. ಆದರೆ ಹಾಗೆ ಒತ್ತಾಗಿ ಸಾಗಲು ಅಭ್ಯಾಸ ಬೇಕು. ಒಬ್ಬ ತಟ್ಟನೆ ಬ್ರೇಕ್ ಹಿಡಿದರೆ ಹಿಂದಿನವರು ನೆಲ ಕಚ್ಚಬೇಕಾದೀತು. ಗುಂಡಿ ಕಂಡರೆ ಕೈಸನ್ನೆ ಮಾಡುವುದು, ಅತ್ತಿತ್ತ ವಾಲದೆ ನೇರ ಸಾಗುವುದು, ಬಾಯಾರುವ ಮುನ್ನವೇ ನೀರು ಕುಡಿಯುವುದು, ಇವೆಲ್ಲ ಕಲಿಯಲು ಸಿಗುವುದು ನಿಧಾನದ ಗುಂಪಿನಲ್ಲಿ. ಅಲ್ಲಿ ಒಬ್ಬನ ಟ್ಯೂಬ್ ಪಂಕ್ಚರ್ ಆದರೆ ಎಲ್ಲರೂ ನಿಲ್ಲುತ್ತಾರೆ.

ಶಕ್ತಿ ಮೀರಿ ವೇಗದವರ ಬೆನ್ನು ಹತ್ತಿದವನು ದೇವನಹಳ್ಳಿ ದಾಟುವಷ್ಟರಲ್ಲಿ ಒಂಟಿ. ಎದುರುಗಾಳಿಯೆಲ್ಲ ಅವನೊಬ್ಬನ ಪಾಲು. ಬೆಟ್ಟದ ಬುಡ ತಲುಪುವ ಹೊತ್ತಿಗೆ ಕಾಲು ಸೋತಿರುತ್ತದೆ, ಏರು ಆಗಷ್ಟೇ ಶುರುವಾಗಿರುತ್ತದೆ.

ಮನೆಗೆ ಬಂದ ಮಗನನ್ನು ‘ಎಷ್ಟನೆಯವನಾಗಿ ಬಂದೆ?’ ಎಂದು ಕೇಳುವ ಅಪ್ಪಂದಿರು, ‘ಜೊತೆಯವರೆಲ್ಲ ಹತ್ತಿದರೇನೋ?’ ಎಂದು ಒಮ್ಮೆ ಕೇಳಿ ನೋಡಬೇಕು. ಮುಂದಿನ ಭಾನುವಾರ ಹುಡುಗ ತಾನೇ ಅಲಾರಾಂ ಇಟ್ಟುಕೊಂಡಾನು.